ಡಾಂಬರು ಮುಗಿಯುವಲ್ಲಿ

ಕೋಶಿತ್ಸೆಯ ಬಸ್ಸು ನಮ್ಮ ಕೇರಿಗೆ ಬರುತ್ತಿರಲಿಲ್ಲ, ಮಾರ್ಗಿತಾ.
ಡಾಂಬರು ಮುಗಿಯುವಲ್ಲೇ ನಿಂತು ತಿರುಗುತ್ತಿತ್ತು.
ಅಲ್ಲಿಯವರೆಗೂ ಕೆಸರು.
ಅಮ್ಮ ನಿನ್ನ ಬೂಟಿಗೆ ಬ್ರೆಡ್ಡಿನ ಖಾಲಿ ಚೀಲ ಕಟ್ಟುವಳು,
ಒಂದಲ್ಲ, ಎರಡು ಗಂಟು,
ಶಾಲೆಯ ಬಾಗಿಲಲ್ಲಿ ಯಾರೂ ಮೂಗು ಮುಚ್ಚದಿರಲೆಂದು.
ಮುಚ್ಚಿದರು.

ಏಳೆಂಟಲ ಐವತ್ತಾರು ಎಂದು ನೀನು ಪಟಪಟ ಹೇಳಿದರೂ
'ಬುದ್ಧಿ ಸಾಲದು' ಎಂದು ಬರೆದು
ಬೇರೆ ಶಾಲೆಗೆ ದಾಟಿಸಿದರು.
ಅಲ್ಲಿ ಇದ್ದವರೆಲ್ಲ ನಮ್ಮವರೇ.

ನೀರಿಗೆ ಒಂದೇ ಕೊಳಾಯಿ, ಹಳ್ಳದಾಚೆ.
ಹಿಮ ಕಟ್ಟಿದ ಹಲಗೆಯ ಮೇಲೆ
ಕೈಗೊಂದು ಬಕೆಟ್ಟು ಹಿಡಿದು ಹನಿ ಚೆಲ್ಲದೆ ನೀನು ಬರುವಾಗ
ನಾನೇ ಅಲ್ಲವೆ ಅಣಕಿಸಿದ್ದು: 'ರಾಣಿ ಬಂದಳು, ದಾರಿ ಬಿಡ್ರೋ!'

ಅಮ್ಮ ನೆಲ ಒರೆಸುತ್ತಿದ್ದ ಸಭಾಭವನದಲ್ಲಿ
ಹೆಡ್ವಿಗಾ ಮೇಡಂ ಬ್ಯಾಲೆ ಕಲಿಸುತ್ತಿದ್ದರು.
ನೀನು ಸಾಲಿಗೆ ಸೇರಿದ ವಾರ
'ಜಿಪ್ಸಿಯ ಜೊತೆ ನಮ್ಮ ಹುಡುಗಿಯರೇ?' ಎಂದು
ಐದು ಮಂದಿ ತಾಯಂದಿರು ಹೆಸರು ತೆಗೆಸಿದರು.
ಆ ಮುದುಕಿ ಬಾಗಿಲು ಹಾಕಿ ಬಂದು
'ಒಳ್ಳೇದಾಯ್ತು, ಜಾಗ ಆಯ್ತು. ಕಾಲು ಚಾಚು' ಅಂದಳಂತೆ.

ಇವತ್ತು ಬ್ರಾಟಿಸ್ಲಾವ.
ಬಾಗಿಲ ಕಾವಲಿನವ ನನ್ನ ಟಿಕೇಟು ನೋಡಿದ,
ನನ್ನನ್ನು ನೋಡಿದ, ಮತ್ತೆ ಟಿಕೇಟು.
'ತಂಗಿ ಕುಣಿಯುತ್ತಾಳೆ' ಅನ್ನಲು ಬಾಯಿಗೆ ಬಂತು; ನುಂಗಿದೆ.

ದೀಪ ಆರಿತು. ನೀನು ಬಂದೆ, ತೋಳೆರಡೂ ಚಾಚಿ,
ಹಲಗೆಯಷ್ಟೇ ಅಗಲದ ಬೆಳಕಿನ ಮೇಲೆ.
ಪಕ್ಕದಾಕೆ 'ಆಹಾ, ರೆಕ್ಕೆ' ಎಂದು ಪಿಸುಗುಟ್ಟಿದಳು.
ರೆಕ್ಕೆ ಎಲ್ಲಿಯದು ತಾಯಿ, ಬಕೆಟ್ಟು ಅವು,
ತುಂಬಿದ ಬಕೆಟ್ಟು.

ಕೊನೆಗೆ ಸಭೆಯೆಲ್ಲ ಎದ್ದು ನಿಂತಿತು.
ನಾನೊಬ್ಬ ಕೂತೇ ಇದ್ದೆ,
ಬೂಟಿನ ಕೆಸರು ಯಾರಿಗೂ ಕಾಣದಂತೆ
ಕಾಲನ್ನು ಕುರ್ಚಿಯಡಿಗೆ ಎಳೆದುಕೊಂಡು,
ಚಪ್ಪಾಳೆ ಹೊಡೆಯುತ್ತ, ಹೊಡೆಯುತ್ತ.