ಒಂದ ಪೈಪಿನಾಗ

ಬ್ಯಾಡಗಿ ಪ್ಯಾಟಿಯ ಕೋಲ್ಡ್ ಸ್ಟೋರೇಜಿನ್ಯಾಗ
ಮೊದಲು ಸೀನಬೇಕು, ಆಮ್ಯಾಲೆ ಮಾತು.
ಹುಬ್ಬಳ್ಳಿ ಬಸ್ಸಿಳದು ಬಂದಾಕಿ ನಾನು,
ಬ್ಯಾಗಿನ್ಯಾಗ ಕ್ರಿಂಪಿಂಗ್ ಇಕ್ಕಳ, ಟೆಸ್ಟರು, ಎರಡು ರೊಟ್ಟಿ.
ಐದು ಸಲ ಸೀನಿ ಹೆಸರು ಹೇಳಿದೆ:
ರೇಣವ್ವ ಹಂಚಿನಮನಿ, ಕೇಬಲ್ ನೋಡಾಕ.
ಮ್ಯಾನೇಜರ್ ನನ್ನ ಬೆನ್ನ ಹಿಂದ ನೋಡಿದ,
ಇಂಜಿನಿಯರ್ ಇನ್ನೂ ಬರಾವಿದ್ದಾನೇನೋ ಅಂತ.

ದೂರು ಇಷ್ಟ.
ದಿನಾ ಮಧ್ಯಾಹ್ನ, ಟೆಂಡರಿಗೆ ರೇಟು ಹಾಕೂ ಹೊತ್ತಿನ್ಯಾಗ
ಕಂಪ್ಯೂಟರಿನ ಬಾಯಿ ಕಟ್ತದ.
ರೇಟು ಹೋತೋ ಇಲ್ಲೋ ತಿಳಿಯೂದಿಲ್ಲ,
ಪರದೆ ಮ್ಯಾಲೆ ಚಕ್ರ ತಿರಗತಾನ ಇರ್ತದ,
ಅಷ್ಟರಾಗ ಡಬ್ಬಿ ಕಾಯಿ ಮತ್ತೊಬ್ಬರ ಪಾಲು.
ಮೂರು ಸಲ ಮಾಡೆಮ್ ಬದಲಿಸ್ಯಾರ,
ಒಮ್ಮೆ ಲಿಂಬಿಹಣ್ಣೂ ಕಟ್ಯಾರ.

ನಾನು ಗ್ವಾಡಿ ನೋಡಿದೆ.
ಮೋಟರ್ ಕೋಣಿಯಿಂದ ಆಫೀಸಿನ ತನಕ
ಅರವತ್ತು ಫೂಟು ಒಂದ ಬಿಳಿ ಪೈಪು.
ಅದರ ಹೊಟ್ಟ್ಯಾಗ ಹೆಬ್ಬೆರಳ ದಪ್ಪ ಮೂರು ಫೇಸಿನ ವಾಯರು,
ಮೈಗೆ ಮೈ ಹಚ್ಚಿ ನೀಲಿ ಕೇಬಲ್.

ಹಾಕಿದವ ರಾಜೇಸಾಬ. ಸ್ಟೂಲಿನ ಮ್ಯಾಲೇ ನಿಂತು ಅಂದ:
"ಪೈಪಿಗೆ ರೊಕ್ಕ ಬೀಳೂದಿಲ್ಲೇನವ್ವ? ಜಾಗಾ ಇತ್ತು, ತೂರಿಸಿದೆ.
ಎರಡಕ್ಕೂ ಪ್ಲಾಸ್ಟಿಕ್ ಅಂಗಿ ಅದ,
ಮೂವತ್ತು ವರ್ಷದಾಗ ನಾ ಹಾಕಿದ ವಾಯರ್ ಒಂದೂ ಸುಟ್ಟಿಲ್ಲ."

ಸುಟ್ಟಿಲ್ಲ, ಖರೆ.
ಅವನ ಜಾಯಿಂಟು ನೋಡಿದ್ರ ತಿಳೀತದ,
ಟೇಪಿನ ಸುತ್ತು ಎಣಿಸಿ ಸುತ್ತಿದಂಗ.
ಇಂಥವಗ ತಪ್ಪು ಅನ್ನಾಕ ನಾಲಗಿ ಹೊರಳಲಿಲ್ಲ.

ತುದಿ ಸುಲದು ತೋರಿಸಿದೆ:
ಎಂಟು ಎಳಿ, ನಾಲ್ಕು ಜೋಡಿ,
ಒಂದರ ಹುರಿ ಇನ್ನೊಂದಕ್ಕ ಹೊಂದದಂಗ ಹೊಸದದ್ದು.
ಹೊರಗಿನ ಗದ್ದಲ ಜೋಡಿಯ ಎರಡೂ ಎಳಿಗೆ ಅಷ್ಟಷ್ಟ ತಾಗ್ತದ,
ಆ ಕಡೆ ತುದಿಗೆ ಒಂದರಾಗ ಒಂದು ಕಳದ್ರ
ಗದ್ದಲ ಸೊನ್ನಿ, ಮಾತು ಉಳೀತದ.
"ಮತ್ತ ತ್ರಾಸ ಏನು?"
ಹುರಿಗೂ ಒಂದು ತಾಳಿಕಿ ಅದ, ಕಾಕಾ.
ಅರವತ್ತು ಫೂಟು ಕಿವ್ಯಾಗ ಬಾಯಿಟ್ಟು ಒದರಿದ್ರ
ಯಾರ ಮಾತು ಉಳದೀತು?

ಅವ ಒಪ್ಪಲಿಲ್ಲ.
ಕಿಟಕಿಯಾಗ ಅವನ ಹಳೇ ರೇಡಿಯೋ, ಧಾರವಾಡ ಸ್ಟೇಷನ್,
ಪ್ಯಾಟಿ ಧಾರಣಿ ಓದತಿತ್ತು.
ಅದನ್ನ ಪೈಪಿಗೆ ಹಿಡೀರಿ, ಅಂದೆ.
ಹಿಡದ. ಓದಾಕಿ ದನಿ ಗೊಗ್ಗರಾತು.
ಅಷ್ಟರಾಗ ಕಂಪ್ರೆಸರ್ ಎದ್ದಿತು, ಗರ್ರ್ ಅಂತ,
ಹತ್ತಿ ಗಿರಣಿನ ಅಂಗೈಯಾಗ ಬಂದು ಕುಂತಂಗ.
ದೂರ ಸರಿಸಿದ, ದನಿ ಬಂತು.
ಮತ್ತ ಹಚ್ಚಿದ, ಹೋತು.
ಒಂದು ಗೇಣು. ಎರಡು ಗೇಣು. ಮೊಳ.
ನಾ ಏನೂ ಹೇಳಲಿಲ್ಲ.
ಕಿವಿಯಾಗಿನ ಪೆನ್ಸಿಲ್ ತಗದು
ಗ್ವಾಡಿ ಮ್ಯಾಲೆ ಗೆರಿ ಅವನ ಎಳದ.

ಮೇನ್ ಇಳಿಸಿ ನೀಲಿ ಕೇಬಲ್ ಜಗ್ಗಿದ್ವಿ.
ಕೆಂಪು ಧೂಳು ಬಂತು, ಒಣಗಿದ ಒಂದು ಹಲ್ಲಿ ಬಂತು,
ತೊಟ್ಟು ಬಿಡಸೂ ಹೆಂಗಸರು ಅಲ್ಲಿಂದನ ನಕ್ಕರು.
ಬಾಗಲದ ಮ್ಯಾಲೆ ಒಂದು ಕಡೆ ಮಾತ್ರ
ಎರಡೂ ಪೈಪು ದಾಟಬೇಕು, ಬ್ಯಾರೆ ಹಾದಿ ಇಲ್ಲ.
ನಾನು ಓರೆ ಹಿಡದಿದ್ದೆ, ಕೈ ದಣದಿತ್ತು.
"ನೆಟ್ಟಗ ದಾಟಸು," ಅಂದ ರಾಜೇಸಾಬ,
"ರೈಲ್ವೆ ಗೇಟು ದಾಟಿದಂಗ.
ನಿಲ್ಲಬಾರದು, ಹಳಿಗುಂಟ ನಡೀಬಾರದು."

ಮುಗಿಯೂದ್ರಾಗ ಸಂಜಿ.
ಹೊಸ ಪೈಪಿಗೆ ರೇಡಿಯೋ ಹಚ್ಚಿ ಕುಂತ್ವಿ.
ಧಾರಣಿ ಮುಗದು ಯಾರೋ ಸಿತಾರ ನುಡಸತಿದ್ರು,
ಕಂಪ್ರೆಸರ್ ಎದ್ದಿತು,
ಒಂದು ತಂತಿನೂ ಹರೀಲಿಲ್ಲ.

"ಏನು ಮಾಡಿದ್ರಿ? ಮೊದಲಿನಂಗ ಕಾಣತದಲ್ಲ,"
ಮ್ಯಾನೇಜರ್ ಬಿಲ್ ಕೇಳಿದ.
ಪೈಪು ಇಷ್ಟು, ಕ್ಲಾಂಪು ಇಷ್ಟು, ಕೇಬಲ್ ಇಷ್ಟು ಮೀಟರ್.
ನಡಕ ಬಿಟ್ಟ ಮೊಳ ಜಾಗಾಕ್ಕ
ಏನು ರೇಟು ಹಾಕಬೇಕೋ ತಿಳೀಲಿಲ್ಲ,
ಆ ಸಾಲು ಖಾಲಿ ಬಿಟ್ಟೆ.

ಕಡೀ ಬಸ್ಸಿನ್ಯಾಗ ಮೋಟೆಬೆನ್ನೂರ ದಾಟಿದ ಮ್ಯಾಲೂ
ಎರಡು ಸೀನು ಬಂದ್ವು.