ಓದಿದವರು

ನಮ್ಮೂರಿನ ಹೆಸರಿಗೆ ದೋಣಿ ಎಂದರ್ಥ.
ನದಿಯೇ ಕಾಣದ ಊರು. ಇದ್ದ ಹೊಳೆಗಳನ್ನೆಲ್ಲ
ಗಿರಣಿಗಳ ಕಾಲದಲ್ಲಿ ಕೊಳವೆಗೆ ತುರುಕಿ
ಮೇಲೆ ಟ್ರಾಮಿನ ಹಳಿ ಹಾಸಿದರು.
ವುಚ್. ನೀನೇ ನಗುತ್ತಿದ್ದೆಯಲ್ಲ ಜೆನೊನ್,
ಹುಟ್ಟಿದ್ದು ದೋಣಿಯಲ್ಲಿ, ಈಜು ಮಾತ್ರ ಬಾರದು ಎಂದು.

ಇಂದು ಸತ್ತವರ ದಿನ. ಟ್ರಾಮಿನ ತುಂಬ ಸೇವಂತಿಗೆ.
ನಿನ್ನ ಕಲ್ಲಿನ ಮೇಲೆ ಗಾಜಿನ ಬುಡ್ಡಿಯ ದೀಪವಿಟ್ಟು,
ಪಕ್ಕದ ಗೋರಿಯವರ ಬೆಂಕಿಪೊಟ್ಟಣ ಕೇಳಿ ಹಚ್ಚಿ,
ಏನಾದರೂ ಮಾತಾಡಬೇಕೆಂದು ನಿಂತೆ.
ಗ್ಯಾಸಿನ ಬಿಲ್ಲು ನೆನಪಾಯಿತು. ಅದನ್ನೇ ಹೇಳಿದೆ.
ಕಲ್ಲು ಕಲ್ಲಿನ ಹಾಗೆಯೇ ಇತ್ತು.

ರಾತ್ರಿ ಹನ್ನೊಂದೂ ನಲವತ್ತಕ್ಕೆ ಯಾವುದೋ ದೆವ್ವದ ಸಿನಿಮಾ.
ಬಕೆಟ್ಟಿನ ಬಿಸಿನೀರಲ್ಲಿ ಕಾಲಿಟ್ಟು ಕೂತೆ,
ನೋಡಲೆಂದಲ್ಲ, ಮನೆಯಲ್ಲಿ ಸದ್ದಿರಲೆಂದು.
ಕೆನಡಾದ ಒಂದು ಬಂದರು. ಮಂಜು.
ಮೀನಿನ ದೋಣಿಯಿಂದ ಬಿದ್ದು ಸತ್ತ ಹುಡುಗಿ
ಅಪ್ಪನ ಊಟದ ಮೇಜಿನ ಮೇಲೆ ಚೆಲ್ಲಿದ ಉಪ್ಪಿನಲ್ಲಿ
ದಿನಾ ರಾತ್ರಿ ಅಕ್ಷರ ಬರೆಯುತ್ತಾಳೆ.
ಅಪ್ಪ ಬಾಯಿ ತೆರೆದ.
ಅರ್ಧ ಕ್ಷಣ ತಡವಾಗಿ
ನಿನ್ನ ದನಿ.

ನೀರು ತಣ್ಣಗಾದದ್ದು ತಿಳಿಯಲಿಲ್ಲ.

ಬೇರೆ ದೇಶಗಳಲ್ಲಿ ಹತ್ತು ಪಾತ್ರಕ್ಕೆ ಹತ್ತು ಗಂಟಲಂತೆ.
ನಮ್ಮಲ್ಲಿ ಓದುವವನು ಒಬ್ಬನೇ.
ಅಪ್ಪನಿಗೂ ಅವನೇ, ಪಾದ್ರಿಗೂ ಅವನೇ,
ಬಾಗಿಲ ಹೊರಗಿನ ಪೊಲೀಸಿಗೂ, ಒಳಗಿನ ದೆವ್ವಕ್ಕೂ.
ಅಡಿಯಲ್ಲಿ ಅವರ ಇಂಗ್ಲಿಷು ಅಳುತ್ತಿರುತ್ತದೆ,
ಮೇಲೆ ನೀನು ದಿನಸಿ ಪಟ್ಟಿ ಓದುವಂತೆ ಓದುತ್ತೀ.
‘ಓದುವವನು ಅಳಬಾರದು, ಗ್ರಾಝಿನಾ.
ಅಳು ನೋಡುವವರ ಪಾಲು. ಅದಕ್ಕೆ ನಾವು ಕೈ ಹಾಕಬಾರದು.’
ಮಗು ಸತ್ತ ದೃಶ್ಯ ಓದಿ ಬಂದ ಸಂಜೆಯೂ
ಸೂಪಿಗೆ ಉಪ್ಪು ಸಾಲದು ಎಂದವನು ನೀನು.

ನಮ್ಮ ಭಾಷೆಯಲ್ಲಿ ‘ನಾನು ಮುಳುಗಿದೆ’ ಅನ್ನಲೂ
ಹೆಣ್ಣಿಗೊಂದು ರೂಪ, ಗಂಡಿಗೊಂದು ರೂಪ.
ಉಪ್ಪಿನಲ್ಲಿ ಹುಡುಗಿ ಬರೆದಳು; ನೀನು
ನಿನ್ನ ಅರವತ್ತರ ಸಿಗರೇಟಿನ ಗಂಟಲಲ್ಲಿ
ಹೆಣ್ಣಾಗಿ ಅಂದೆ: ನಾನು ಮುಳುಗಿದೆ ಅಪ್ಪ,
ನೀರು ಅಷ್ಟೇನೂ ತಣ್ಣಗಿರಲಿಲ್ಲ.
ನಗು ಬಂತು. ಆಮೇಲೆ ಬರಲಿಲ್ಲ.

ನಿಜ ಹೇಳುತ್ತೇನೆ, ಹುಡುಕಿದೆ.
ಪ್ರತಿ ಮಾತಿನ ಬೆನ್ನು ತಿರುಗಿಸಿ ನೋಡಿದೆ,
ನನಗೆಂದು ಏನಾದರೂ ಅಂಟಿಸಿದ್ದೀಯಾ ಎಂದು.
‘ನಿನ್ನನ್ನು ಪ್ರೀತಿಸುತ್ತೇನೆ’ ಎಂದೆ, ಮೂರು ಸಲ.
ಅದು ಅನುವಾದಕಿ ಬರೆದದ್ದು. ಆ ಮಾತನ್ನು
ಇಪ್ಪತ್ತೆಂಟು ವರ್ಷ ಊರಿಗೆಲ್ಲ ಓದಿದ್ದೀ,
ಮನೆಗೆ ಬರುವಷ್ಟರಲ್ಲಿ ಖಾಲಿಯಾಗಿರುತ್ತಿತ್ತು.

ಆದರೆ ಎಲ್ಲೋ ಒಂದು ಕಡೆ, ಅಪ್ಪ ಉಪ್ಪನ್ನೆಲ್ಲ
ಅಂಗೈಯಲ್ಲಿ ಬಳಿದು ಬಾಯಿಗೆ ಹಾಕಿಕೊಳ್ಳುವಾಗ,
ಯಾರೂ ಮಾತಾಡದ ಜಾಗದಲ್ಲಿ
ಹಾಳೆ ಮಗುಚಿದ ಸದ್ದು. ಹಿಂದೆಯೇ
ಮೂಗಿನಿಂದ ಒಂದು ಉಸಿರು. ಎಡ ಹೊಳ್ಳೆ ಕಟ್ಟಿದ್ದು.

ಆ ನೆಗಡಿ ನನಗೆ ಗೊತ್ತು.
ಅದು ನಿನ್ನ ಕಡೆಯ ಫೆಬ್ರವರಿಯದು. ರಾತ್ರಿಯೆಲ್ಲ ನನ್ನನ್ನು ಎಬ್ಬಿಸಿದ್ದು.
ಬೇಡ ಬೇಡವೆಂದರೂ ರಾಸ್ಪ್‌ಬೆರಿ ಪಾನಕ ಕುಡಿಸಿ
ಉಣ್ಣೆಯ ಮಫ್ಲರ್ ಸುತ್ತಿ ಕಳಿಸಿದ್ದೆ.
ಮೊದಲ ತಿರುವಿನಲ್ಲೇ ಬಿಚ್ಚಿ ಜೇಬಿಗೆ ತುರುಕಿದೆ ನೀನು,
ಕಿಟಕಿಯಿಂದ ಕಂಡಿತ್ತು.
ಸ್ಟುಡಿಯೋದವರು ಅಳಿಸಲು ಮರೆತ ಆ ಒಂದು ಉಸಿರು
ಯಾರ ಮಾತೂ ಅಲ್ಲ, ಯಾವ ಪಾತ್ರದ್ದೂ ಅಲ್ಲ.

ಕಪ್ಪು ತೆರೆಯ ಮೇಲೆ ಬಿಳಿ ಹೆಸರುಗಳು ಏರುವಾಗ
ವಾಡಿಕೆಯಂತೆ ನೀನು ಹೇಳಿದೆ:
ಓದಿದವರು, ಜೆನೊನ್ ವಿಲ್ಚಾಕ್.
ಭೂತಕಾಲದಲ್ಲಿ. ಒಂದಿಷ್ಟೂ ಅಳುಕಿಲ್ಲದೆ.

ತಕ್ಷಣ ಹಾಸಿಗೆಯ ಜಾಹೀರಾತು, ಬೇರೆ ಯಾರದೋ ಚುರುಕು ದನಿ.
ಸದ್ದು ಜಾಸ್ತಿಯಾಯಿತೆಂದು ಗೋಡೆಯಾಚೆ
ಪಕ್ಕದ ಮನೆಯಾಕೆ ಎರಡು ಸಲ ಕುಟ್ಟಿದಳು.
ನಾನೂ ಎರಡು ಸಲ ಕುಟ್ಟಿದೆ.
ಕಾಲು ಒರೆಸಿಕೊಂಡೆ.

ಪತ್ರಿಕೆಯಲ್ಲಿದೆ: ಮರುಪ್ರಸಾರ
ಗುರುವಾರ ಮಧ್ಯಾಹ್ನ ಎರಡೂ ಹತ್ತಕ್ಕೆ.
ಗುರುವಾರ ಹಲ್ಲಿನ ಡಾಕ್ಟರು,
ಮೂರು ತಿಂಗಳು ಕಾದು ಸಿಕ್ಕಿದ ಸರದಿ.
ನೋಡೋಣ.