ಖಾಲಿ ಚೀಲದ ತೂಕ

ಮಾರ್ಚ್ ಏಳರ ರಾತ್ರಿ ಮಡಿಕೇರಿ ಆಫೀಸಿನಿಂದ ಫೋನು:
"ಸ್ತ್ರೀವಾದ ಗೀವಾದ ಬೇಡ ಮೇಡಂ,
ಜನ ಪುಟ ಮಗುಚಿ ಹಾಕ್ತಾರೆ.
ಕೋವಿ ಹಿಡಿದವಳ ಫೋಟೋ ಉಂಟಾ?"

ನಾನು ಕಳಿಸಿದ್ದು ಬೊಳಚಿಯ ಸುದ್ದಿ.
ಪಾಲಿಬೆಟ್ಟದಾಚೆ, ತೋಟದ ಕಣದಲ್ಲಿ
ಸಂಜೆ ಕಾಫಿಹಣ್ಣು ತೂಗುವಾಗ
ಚೀಲದ್ದು ಅಂತ ಎರಡು ಕೆಜಿ ಕಳೆದ ರೈಟರನಿಗೆ
ಅವಳಂದಳು:
"ಬರೀ ಚೀಲ ತೂಗು, ನೋಡುವ."
ಅಷ್ಟೇ. ಘೋಷಣೆ ಇಲ್ಲ, ಬ್ಯಾನರಿಲ್ಲ.
ಹಿಂದೆ ಹತ್ತೊಂಬತ್ತು ಹೆಂಗಸರು
ಸೊಂಟದ ಮೇಲೆ ಕೈಯಿಟ್ಟು ನಿಂತೇ ಇದ್ದರು,
ಕತ್ತಲಾಗುವ ತನಕ.

ಬೆಳಿಗ್ಗೆ ಐದನೇ ಪುಟದಲ್ಲಿ
ಕೈಲ್ ಪೊಳ್ದ್ ಹಬ್ಬದ ಹಳೇ ಚಿತ್ರ:
ನನ್ನ ಜಾಜಿ ಚಿಕ್ಕಮ್ಮನೇ, ಭುಜಕ್ಕೆ ಕೋವಿ,
ಕೆಳಗೆ "ವೀರನಾರಿಯರ ನಾಡು".
ಚಿಕ್ಕಮ್ಮ ಫೋನಿನಲ್ಲಿ ನಕ್ಕಳು:
"ಕೋವಿ ಕೊಟ್ಟರು ಮಾರಾಯ್ತಿ,
ಆರ್‌ಟಿಸಿಯಲ್ಲಿ ಹೆಸರು ಕೊಡಲಿಲ್ಲ.
ಅದನ್ನೂ ಬರಿ."

ಆ ರಾತ್ರಿ ಟಿವಿಯಲ್ಲಿ ನಾಲ್ಕು ಗಂಡಸರು
ನಡುವೆ ಒಬ್ಬಳಿಗೆ ಬಾಯಿ ತೆರೆಯಗೊಡದೆ
ಕೂಗಿದರು: ಹೆಣ್ಣು ಎಲ್ಲಿಗೆ ಹೊರಟಿದ್ದಾಳೆ?
ಅವಳು ನೀರು ಕುಡಿದಳು. ಜಾಹೀರಾತು ಬಂತು.

ವಾರ ಬಿಟ್ಟು ಲೈನ್‌ಮನೆಗೆ ಹೋದೆ.
ಗಾಳಿ ನುಗ್ಗುವ ಸಂದಿಗೆ ಬೊಳಚಿ
ಗಂಜಿ ಹಚ್ಚಿ ಪೇಪರು ಅಂಟಿಸಿದ್ದಳು.
ಚಿಕ್ಕಮ್ಮ ತಲೆಕೆಳಗು, ಕೋವಿ ನೆಲಕ್ಕೆ.
"ಇದರಲ್ಲಿ ನಂದು ಎಲ್ಲಿ ಉಂಟು?"
ನಾನು ಹುಡುಕುವವಳಂತೆ ಗೋಡೆಗೆ ಬಗ್ಗಿದೆ.

ಅವಳು ಮೂಲೆಯಿಂದ ಖಾಲಿ ಚೀಲ ತಂದು
ಕೊಡವಿ, ಕೂರಲು ಹಾಸಿದಳು.
"ಮುನ್ನೂರು ಗ್ರಾಂ," ಅಂದಳು.
"ಈಗ ಅಷ್ಟೇ ಕಳೀತಾರೆ."